ಹುಷಾರಿದ್ದಾಗಲೇ ಬರೆದಿಟ್ಟ ಕಾಗದ

ಶೇಕ್ಸ್‌ಪಿಯರ್ ನಾಟಕಗಳನ್ನು ಮಕ್ಕಳಿಗೆ ಅರ್ಥವಾಗೋ ಹಾಗೆ ಕಥೆ ಮಾಡಿ ಬರೆದ 'ಟೇಲ್ಸ್ ಫ್ರಮ್ ಶೇಕ್ಸ್‌ಪಿಯರ್' ಪುಸ್ತಕ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಶೈಲಾಕ್ ಕೇಳಿದ ಒಂದು ಪೌಂಡ್ ಮಾಂಸದ ಕಥೆಯನ್ನು ನಾನು ಮೊದಲು ಓದಿದ್ದು ಅದರಲ್ಲೇ. 1807ರಲ್ಲಿ ಅದು ಅಚ್ಚಾದಾಗ ಮೇಲೆ ಇದ್ದದ್ದು ಚಾರ್ಲ್ಸ್ ಲ್ಯಾಂಬ್ ಹೆಸರು ಮಾತ್ರ. ಒಳಗಿನ 20 ಕಥೆಗಳಲ್ಲಿ 14 ಬರೆದವಳು ಅವನ ಅಕ್ಕ ಮೇರಿ ಲ್ಯಾಂಬ್.

ಮೇರಿಯ ಹೆಸರು ಯಾಕೆ ಬಿಟ್ಟುಹೋಯ್ತು ಅನ್ನೋದಕ್ಕಿಂತ ಅವಳ ಬದುಕಿನ ಇನ್ನೊಂದು ವಿಷಯ ನನ್ನನ್ನು ತುಂಬಾ ದಿನದಿಂದ ಕಾಡ್ತಿದೆ. 1796ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಮನೆಯಲ್ಲಿ ಊಟಕ್ಕೆ ಅಣಿ ಮಾಡ್ತಿದ್ದ ಹೊತ್ತಲ್ಲಿ, ಬುದ್ಧಿ ಕೆಟ್ಟ ಒಂದು ಕ್ಷಣದಲ್ಲಿ ಮೇರಿ ತನ್ನ ತಾಯಿಯನ್ನೇ ಚಾಕುವಿನಿಂದ ಇರಿದು ಕೊಂದಳು. ಅವಳಿಗಾಗ 31 ವರ್ಷ. ತಮ್ಮ ಚಾರ್ಲ್ಸನಿಗೆ 21. ಅವನು ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕದ ವಿಭಾಗದಲ್ಲಿ ಗುಮಾಸ್ತ. ಅಂದರೆ ನಮ್ಮ ದೇಶದಿಂದ ಹೋಗ್ತಿದ್ದ ಸರಕಿನ ಲೆಕ್ಕ ಬರೆದೇ ಹೊಟ್ಟೆ ಹೊರೆದುಕೊಳ್ತಿದ್ದವನು! ಅದಕ್ಕೂ ಕೆಲವೇ ತಿಂಗಳ ಹಿಂದೆ ಅವನೂ ಆರು ವಾರ ಹುಚ್ಚಾಸ್ಪತ್ರೆಯಲ್ಲಿ ಇದ್ದು ಬಂದಿದ್ದ. ಸಾವಿನ ವಿಚಾರಣೆ ನಡೆಸಿದ ಪಂಚರು ಇದು ಬುದ್ಧಿಭ್ರಮೆಯಿಂದ ಆದದ್ದು ಅಂತ ತೀರ್ಪು ಕೊಟ್ಟರು. ಅಕ್ಕನನ್ನು ಜೀವಮಾನ ಪೂರ್ತಿ ನೋಡಿಕೊಳ್ತೀನಿ ಅಂತ ಚಾರ್ಲ್ಸ್ ಹೊಣೆ ಹೊತ್ತ. ಕೊನೇವರೆಗೂ ಮದುವೆ ಆಗಲಿಲ್ಲ.

ಮೇರಿಗೆ ಕಾಯಿಲೆ ಆಗಾಗ ಮರುಕಳಿಸ್ತಿತ್ತು. ಆದರೆ ಬರುವ ಮುಂಚೆ ಅದರ ಸುಳಿವು ಅವಳಿಗೇ ಸಿಗ್ತಿತ್ತು. ಅಕ್ಕ ತಮ್ಮ ಇಬ್ಬರೂ ಸೇರಿ ಇದಕ್ಕೊಂದು ಏರ್ಪಾಡು ಮಾಡಿಕೊಂಡಿದ್ದರು. ಸುಳಿವು ಸಿಕ್ಕ ಕೂಡಲೇ ಇಬ್ಬರೂ ಹೊರಟು ತಾವೇ ಆಸ್ಪತ್ರೆಗೆ ಹೋಗೋದು. ಊರಿಗೆ ಹೊರಟರೆ ಕೈ ಕಟ್ಟಿಹಾಕುವ ಉದ್ದ ತೋಳಿನ ಅಂಗಿಯನ್ನು ಮೇರಿಯೇ ತನ್ನ ಬಟ್ಟೆಗಳ ಜೊತೆ ಪೆಟ್ಟಿಗೆಗೆ ಹಾಕಿಕೊಳ್ತಿದ್ದಳಂತೆ. ಒಂದು ಸಲ ಅವರ ಗೆಳೆಯ ಚಾರ್ಲ್ಸ್ ಲಾಯ್ಡ್ ಹೊಲದ ಕಾಲುದಾರಿಯಲ್ಲಿ ಅವರಿಬ್ಬರಿಗೂ ಎದುರಾದನಂತೆ. ಇಬ್ಬರೂ ಅಳ್ತಾ, ಕೈ ಕೈ ಹಿಡಿದುಕೊಂಡು, ಆಸ್ಪತ್ರೆ ಕಡೆ ನಡೀತಿದ್ದರು.

ಎಳೆದುಕೊಂಡು ಹೋಗೋ ಜವಾನರಿಲ್ಲ, ಬೀದಿಯಲ್ಲಿ ರಂಪ ಇಲ್ಲ. ಅಳು ಮಾತ್ರ ಇದೆ. ಯಾವ ವಕೀಲನೂ ಬರೆದುಕೊಡದ, ಯಾವ ಕಾನೂನಲ್ಲೂ ಇಲ್ಲದ ಒಪ್ಪಂದ ಇದು. ಮೇರಿ ಹೀಗೆ ಹೋಗ್ತಾ ಬರ್ತಾ 82 ವರ್ಷ ಬದುಕಿದಳು, 1847ರವರೆಗೆ. ತಮ್ಮ ಅವಳಿಗಿಂತ 13 ವರ್ಷ ಮುಂಚೆ, 1834ರಲ್ಲಿ ತೀರಿಕೊಂಡ.

ಇಂಥ ತಮ್ಮ ಎಲ್ಲರಿಗೂ ಸಿಗಬೇಕಲ್ಲ? ಸಿಗದಿದ್ದವರ ಕಥೆ ಅಮೆರಿಕದಲ್ಲಿದೆ. 1860ರಲ್ಲಿ ಇಲಿನಾಯ್ ರಾಜ್ಯದ ಎಲಿಜಬೆತ್ ಪ್ಯಾಕರ್ಡ್ ಎಂಬಾಕೆಯನ್ನು ಅವಳ ಗಂಡ ಜ್ಯಾಕ್ಸನ್‌ವಿಲ್ಲಿನ ಸರ್ಕಾರಿ ಹುಚ್ಚಾಸ್ಪತ್ರೆಗೆ ಸೇರಿಸಿದ. ಗಂಡ ಪಾದ್ರಿ, ಹೆಂಡತಿ ಅವನ ಧರ್ಮಬೋಧೆಯನ್ನು ಒಪ್ಪದೆ ಎಲ್ಲರೆದುರು ವಾದ ಮಾಡಿದ್ದಳು. ಅಷ್ಟೇ ಅವಳ 'ರೋಗ'. ಅಲ್ಲಿನ 1851ರ ಕಾನೂನು ಎಂಥದ್ದು ನೋಡಿ: ಬೇರೆಯವರನ್ನು ಸೇರಿಸೋದಕ್ಕೆ ಬೇಕಾದ ಸಾಕ್ಷಿ ಪುರಾವೆ ಹೆಂಡತಿಯನ್ನು ಸೇರಿಸೋದಕ್ಕೆ ಬೇಕಿರಲಿಲ್ಲ. ಗಂಡನ ಮಾತು, ಆಸ್ಪತ್ರೆ ಮುಖ್ಯಸ್ಥನ ಒಪ್ಪಿಗೆ, ಮುಗೀತು. ಮೂರು ವರ್ಷ ಒಳಗಿದ್ದು ಬಂದವಳನ್ನು ಗಂಡ ಮನೆಯಲ್ಲೇ ಕೂಡಿಹಾಕಿದ. ಕೊನೆಗೆ 1864ರಲ್ಲಿ ಕೋರ್ಟಿನಲ್ಲಿ ವಿಚಾರಣೆ ನಡೆದು, ಇವಳಿಗೆ ಬುದ್ಧಿ ನೆಟ್ಟಗಿದೆ ಅಂತ ತೀರ್ಮಾನಿಸೋದಕ್ಕೆ ಜ್ಯೂರಿಗೆ ಹಿಡಿದದ್ದು ಏಳು ನಿಮಿಷ. ಅಷ್ಟರಲ್ಲಿ ಗಂಡ ಮಕ್ಕಳನ್ನೂ ಸಾಮಾನನ್ನೂ ಕಟ್ಟಿಕೊಂಡು ಊರು ಬಿಟ್ಟಿದ್ದ. ಪ್ಯಾಕರ್ಡ್ ಸುಮ್ಮನೆ ಕೂರಲಿಲ್ಲ. ಪುಸ್ತಕ ಬರೆದು, ಶಾಸನಸಭೆಗಳ ಬಾಗಿಲು ತಟ್ಟಿ, 1867ರಲ್ಲಿ ಇಲಿನಾಯ್ ಕಾನೂನನ್ನೇ ಬದಲಾಯಿಸಿದಳು. ಜ್ಯೂರಿ ಮುಂದೆ ವಿಚಾರಣೆ ಇಲ್ಲದೆ ಯಾರನ್ನೂ ಹುಚ್ಚಾಸ್ಪತ್ರೆಗೆ ಹಾಕುವ ಹಾಗಿಲ್ಲ ಅಂತ ಆಯ್ತು.

ಒಬ್ಬಳು ತಾನೇ ನಡೆದು ಹೋದಳು, ಇನ್ನೊಬ್ಬಳನ್ನು ಎತ್ತಿ ಹಾಕಿದರು. ಆಮೇಲಿನ ನೂರು ವರ್ಷ ಕಾನೂನು ತಲೆ ಕೆಡಿಸಿಕೊಂಡಿದ್ದು ಹೆಚ್ಚಾಗಿ ಎರಡನೆಯದರ ಬಗ್ಗೆ. ಯಾರು ಸಹಿ ಹಾಕಬೇಕು, ಎಷ್ಟು ಡಾಕ್ಟರು ನೋಡಬೇಕು, ಎಷ್ಟು ದಿನ ಇಟ್ಟುಕೊಳ್ಳಬಹುದು, ಇಂಥವೇ. ಒಳಗೆ ಹೋಗಬೇಕಾದ ಮನುಷ್ಯನನ್ನೇ ಅವನು ಹುಷಾರಾಗಿದ್ದಾಗ 'ಮುಂದೆ ಹೀಗಾದರೆ ಏನು ಮಾಡೋಣ?' ಅಂತ ಕೇಳಬಹುದು ಅನ್ನೋದು ಯಾಕೋ ಯಾರಿಗೂ ಹೊಳೆದಂತೆ ಕಾಣಲ್ಲ.

ಹೊಳೆದದ್ದು ಬೇರೆ ದಾರಿಯಿಂದ, ಸಾವಿನ ಕಡೆಯಿಂದ. 1969ರಲ್ಲಿ ಲೂಯಿಸ್ ಕಟ್ನರ್ ಎಂಬ ವಕೀಲ 'ಲಿವಿಂಗ್ ವಿಲ್' ಎಂಬ ಸಲಹೆ ಮುಂದಿಟ್ಟ. ಉಯಿಲು ಬರೆಯೋದು ಸತ್ತ ಮೇಲಿನ ಆಸ್ತಿಗೆ. ಬದುಕಿದ್ದೂ ಮಾತಾಡಲಾಗದ ಸ್ಥಿತಿಯಲ್ಲಿದ್ದಾಗ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಯಾಕೆ ಬರೆದಿಡಬಾರದು? 1976ರಲ್ಲಿ ಕ್ಯಾಲಿಫೋರ್ನಿಯಾ ಅದಕ್ಕೆ ಕಾನೂನು ಮಾಡಿತು. ಈ ಕಲ್ಪನೆಯನ್ನು ಮನಸ್ಸಿನ ಕಾಯಿಲೆಗೆ ತಂದವನು ಥಾಮಸ್ ಸಾಸ್. ಇವನು ಮನೋವೈದ್ಯನಾಗಿದ್ದುಕೊಂಡೇ ಮಾನಸಿಕ ಕಾಯಿಲೆ ಅನ್ನೋದೇ ಒಂದು ಮಿಥ್ಯೆ ಅಂತ 1961ರಲ್ಲಿ ಪುಸ್ತಕ ಬರೆದು ಸಹೋದ್ಯೋಗಿಗಳ ಕೆಂಗಣ್ಣಿಗೆ ಗುರಿಯಾದವನು. ಆ ವಾದ ನನಗೆ ಒಪ್ಪಿಗೆ ಇಲ್ಲ. ಕಾಯಿಲೆ ಬಿದ್ದವರನ್ನು ಹತ್ತಿರದಿಂದ ನೋಡಿದ ಯಾರಿಗೂ ಅದು ಒಪ್ಪಿಗೆಯಾಗೋದು ಕಷ್ಟ. ಆದರೆ 1982ರಲ್ಲಿ ಅವನು ಬರೆದ 'ಸೈಕಿಯಾಟ್ರಿಕ್ ವಿಲ್' ಲೇಖನದ ತರ್ಕ ಬಲವಾಗಿದೆ. ಕಾಯಿಲೆಗೆ ಹೆದರುವವನು 'ನನಗೆ ಬುದ್ಧಿ ಕೆಟ್ಟರೆ ಬಲವಂತವಾಗಿಯಾದರೂ ಚಿಕಿತ್ಸೆ ಕೊಡಿ' ಅಂತ ಬರೆದಿಡಲಿ, ವೈದ್ಯರಿಗೆ ಹೆದರುವವನು 'ನನ್ನನ್ನು ಮುಟ್ಟಬೇಡಿ' ಅಂತ ಬರೆದಿಡಲಿ, ಎರಡಕ್ಕೂ ಒಂದೇ ಬೆಲೆ ಇರಲಿ. ಇದು ಅವನ ಮಾತಿನ ಸಾರ.

ಇದರಲ್ಲಿ ಮೊದಲನೇ ತರಹದ ಕಾಗದಕ್ಕೆ ಪಂಡಿತರು 'ಯುಲಿಸಿಸ್ ಒಪ್ಪಂದ' ಅಂತ ಹೆಸರಿಟ್ಟರು. ಗ್ರೀಕರ ಯುಲಿಸಿಸ್ ಮೋಹಿನಿಯರ ಹಾಡು ಕೇಳಬೇಕು, ಆದರೆ ಸಮುದ್ರಕ್ಕೆ ಹಾರಬಾರದು. ಅದಕ್ಕೇ ಹಡಗಿನ ಕಂಬಕ್ಕೆ ತನ್ನನ್ನು ಕಟ್ಟಿಸಿಕೊಂಡು, 'ಬಿಚ್ಚಿ ಅಂತ ನಾನು ಬೇಡಿಕೊಂಡರೆ ಇನ್ನೂ ಬಿಗಿಯಾಗಿ ಕಟ್ಟಿ' ಅಂತ ಆಳುಗಳಿಗೆ ಹೇಳಿರ್ತಾನೆ. ಓದೋದಕ್ಕೆ ಚೆನ್ನಾಗಿದೆ. ಆದರೆ ನನಗೆ ಇದನ್ನು ಓದಿದಾಗ ನೆನಪಾಗಿದ್ದು ದಶರಥ. ಅವನೂ ಹಿಂದೆಂದೋ ಕೈಕೇಯಿಗೆ ಎರಡು ವರ ಕೊಟ್ಟಿದ್ದ. ಅವಳು ಕೇಳಿದ ದಿನ ಕಾಲು ಹಿಡಿದು ಬೇಡಿಕೊಂಡ, ಬೇಡ ಅಂತ ಅತ್ತ, ಆದರೂ ಹಳೇ ಮಾತೇ ಗೆದ್ದಿತು. ಯುಲಿಸಿಸ್ ಬದುಕಿದ, ದಶರಥ ಸತ್ತ. ಹಿಂದಿನ ನಾನು ಕೊಟ್ಟ ಮಾತು ಇಂದಿನ ನನ್ನನ್ನು ಕಟ್ಟಿಹಾಕೋದು ಎಲ್ಲ ಸಲವೂ ಒಳ್ಳೇದಕ್ಕೇ ಆಗುತ್ತೆ ಅಂತ ಏನಿಲ್ಲ. ಬರೆಯುವಾಗ ಇದ್ದ ಮನುಷ್ಯ, ಆಸ್ಪತ್ರೆ ಬಾಗಿಲಲ್ಲಿ 'ಬೇಡ' ಅಂತ ಕೂಗುವ ಮನುಷ್ಯ, ಇಬ್ಬರಲ್ಲಿ ಯಾರ ಮಾತು ಕೇಳಬೇಕು? ಈ ಕಾಗದದ ಇತಿಹಾಸವೆಲ್ಲ ಸುತ್ತೋದು ಈ ಪ್ರಶ್ನೆಯ ಸುತ್ತಲೇ.

ಮುಂದಿನ ಹತ್ತು ವರ್ಷದಲ್ಲಿ ಕೆಲಸ ಬೇಗ ಬೇಗ ಆಯ್ತು. ಮಿಸೌರಿಯ ನ್ಯಾನ್ಸಿ ಕ್ರೂಜನ್ 1983ರಲ್ಲಿ ಕಾರು ಅಪಘಾತವಾಗಿ ಪ್ರಜ್ಞೆ ಕಳೆದುಕೊಂಡಳು. ಅವಳ ಆಹಾರದ ಕೊಳವೆ ತೆಗೆಯಬೇಕೋ ಬೇಡವೋ ಅಂತ ಸುಪ್ರೀಂ ಕೋರ್ಟಿನವರೆಗೂ ಜಗಳ ಹೋಯ್ತು. 1990ರಲ್ಲಿ ತೀರ್ಪು ಬಂದ ವರ್ಷವೇ ಸಂಸತ್ತು ಒಂದು ಕಾನೂನು ಮಾಡಿತು: ಮೆಡಿಕೇರ್, ಮೆಡಿಕೇಡ್ ಹಣ ಪಡೆಯುವ ಆಸ್ಪತ್ರೆಗಳು ದಾಖಲಾಗುವವರಿಗೆ ಇಂಥ ಮುಂಗಡ ಸೂಚನೆ ಬರೆದಿಡುವ ಹಕ್ಕಿನ ಬಗ್ಗೆ ತಿಳಿಸಲೇಬೇಕು. 1991ರಲ್ಲಿ ಮಿನೆಸೊಟಾ ರಾಜ್ಯ ಮನೋಚಿಕಿತ್ಸೆಗೆಂದೇ ಪ್ರತ್ಯೇಕ ಘೋಷಣೆಗೆ ಅವಕಾಶ ಕೊಟ್ಟಿತು, ಮುಖ್ಯವಾಗಿ ಶಾಕ್ ಟ್ರೀಟ್‌ಮೆಂಟ್ ಮತ್ತು ತೀವ್ರ ಔಷಧಿಗಳ ವಿಷಯಕ್ಕೆ. ಆಮೇಲೆ ಒಂದೊಂದೇ ರಾಜ್ಯ. ಸಿಯಾಟಲ್ ಕಡೆ ಇರೋ ನಮ್ಮ ಜನ ಗಮನಿಸಬೇಕಾದ್ದು, ವಾಷಿಂಗ್ಟನ್ ರಾಜ್ಯದ 2003ರ ಕಾನೂನು ಯುಲಿಸಿಸ್ ಮಾತನ್ನೇ ಕಾನೂನಿನ ಭಾಷೆಗೆ ತಂದಿತು. ಬುದ್ಧಿ ಸ್ಥಿಮಿತ ತಪ್ಪಿದಾಗ ಈ ಕಾಗದವನ್ನು ನಾನೇ ರದ್ದು ಮಾಡಬಹುದೋ ಇಲ್ಲವೋ ಅನ್ನೋದನ್ನು ಬರೆಯುವವನೇ ಮೊದಲೇ ಆರಿಸಿಕೊಳ್ಳಬಹುದು.

ಆದರೆ ಕಾಗದಕ್ಕೆ ನಿಜವಾದ ಪರೀಕ್ಷೆ ಆದದ್ದು ವರ್ಮಾಂಟಿನಲ್ಲಿ. ಅಲ್ಲಿನ ನ್ಯಾನ್ಸಿ ಹಾರ್ಗ್ರೇವ್ ಸ್ಕಿಜೋಫ್ರೇನಿಯಾ ಇದ್ದವರು, ಹಲವು ಸಲ ಆಸ್ಪತ್ರೆ ಕಂಡವರು. ಹುಷಾರಿದ್ದಾಗ ಪವರ್ ಆಫ್ ಅಟಾರ್ನಿ ಮಾಡಿಸಿ, ಇಂಥ ಔಷಧಿ ನನಗೆ ಬೇಡ ಅಂತ ಬರೆದಿಟ್ಟರು. ಆದರೆ ಆ ರಾಜ್ಯದ 1998ರ ಕಾನೂನಿನಲ್ಲಿ ಒಂದು ಕಿಂಡಿ ಇತ್ತು. ಕಾಗದದಲ್ಲಿ ಇರುವಂತೆ 45 ದಿನ ನಡೆದುಕೊಂಡ ಮೇಲೂ ರೋಗಿ ಸುಧಾರಿಸದಿದ್ದರೆ ಕೋರ್ಟ್ ಅದನ್ನು ಬದಿಗಿಟ್ಟು ಬಲವಂತವಾಗಿ ಔಷಧಿ ಕೊಡಿಸಬಹುದು. ಗಮನಿಸಿ, ಕ್ಯಾನ್ಸರ್ ರೋಗಿ ಬರೆದ ಕಾಗದಕ್ಕೆ ಈ 45 ದಿನದ ಕಿಂಡಿ ಇಲ್ಲ. ಬಲವಂತವಾಗಿ ಆಸ್ಪತ್ರೆಯಲ್ಲೋ ಜೈಲಿನಲ್ಲೋ ಇರುವ ಮನೋರೋಗಿಗೆ ಮಾತ್ರ. 2003ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಇದು ಅಂಗವಿಕಲರ ಕಾಯ್ದೆಯ ಪ್ರಕಾರ ತಾರತಮ್ಯ ಅಂತ ಹೇಳಿ ಆ ಕಿಂಡಿ ಮುಚ್ಚಿತು. ಒಂದೇ ತರಹದ ಕಾಗದ, ಒಬ್ಬರದ್ದಕ್ಕೆ ಬೆಲೆ ಇದೆ, ಇನ್ನೊಬ್ಬರದ್ದಕ್ಕೆ ಇಲ್ಲ ಅಂದರೆ ಹೇಗೆ?

ತೀರ್ಪು ಬಂದಾಗ ಎಷ್ಟೋ ಡಾಕ್ಟರುಗಳಿಗೆ ದಿಗಿಲು, ಎಲ್ಲರೂ 'ಔಷಧಿ ಬೇಡ' ಅಂತ ಬರೆದಿಟ್ಟು ಕೂತರೆ ನಾವೇನು ಮಾಡೋಣ ಅಂತ. ಅದಕ್ಕೆ ಉತ್ತರ ಡ್ಯೂಕ್ ವಿಶ್ವವಿದ್ಯಾಲಯದವರ 2006ರ ಅಧ್ಯಯನದಲ್ಲಿದೆ. ಕಾಗದ ಬರೆಯಲು ಒಬ್ಬರು ಕೂತು ಸಹಾಯ ಮಾಡಿದಾಗ 61% ಜನ ಬರೆದರು, ಸುಮ್ಮನೆ ಮಾಹಿತಿ ಕೊಟ್ಟು ಕಳಿಸಿದಾಗ 3% ಮಾತ್ರ. ಹಾಗೆ ಬರೆದವರಲ್ಲಿ ಎಲ್ಲ ಚಿಕಿತ್ಸೆಯನ್ನೂ ನಿರಾಕರಿಸಿದವರು ಒಬ್ಬರೂ ಇರಲಿಲ್ಲ. ಈ ಔಷಧಿ ಬೇಡ, ಆ ಆಸ್ಪತ್ರೆಯಾದರೆ ಸರಿ, ಮೊದಲು ಇಂಥವರ ಮನೆಯಲ್ಲಿ ಎರಡು ದಿನ ಇರಲು ಬಿಡಿ.. ಜನ ಬರೆದದ್ದು ಇಂಥ ವಿಷಯಗಳನ್ನು.

ಇಂಥ ಕಾಗದದ ನಮೂನೆಗಳನ್ನು ಓದೋದೇ ಒಂದು ಅನುಭವ. ವರ್ಮಾಂಟಿನ ಮೇರಿ ಎಲೆನ್ ಕೋಪ್‌ಲೆಂಡ್, ಸ್ವತಃ ಮನೋರೋಗ ಅನುಭವಿಸಿದವರು, 1997ರಲ್ಲಿ 'ರ‍್ಯಾಪ್' ಅನ್ನೋ ಯೋಜನೆಯ ಬಗ್ಗೆ ಪುಸ್ತಕ ತಂದರು. ಅದರ ಒಂದು ಭಾಗ ಬಿಕ್ಕಟ್ಟಿನ ಯೋಜನೆ. ಮೊದಲ ಪ್ರಶ್ನೆ ನೋಡಿ: ಹುಷಾರಾಗಿದ್ದಾಗ ನಾನು ಹೇಗಿರ್ತೀನಿ? ಮೊದಲು ನನಗೆ ಇದು ವಿಚಿತ್ರ ಅನ್ನಿಸ್ತು. ಯೋಚನೆ ಮಾಡಿ ನೋಡಿದರೆ ಎಷ್ಟು ಸರಿ ಅಲ್ವಾ? ರಾತ್ರಿ ಪಾಳಿಯ ಡಾಕ್ಟರಿಗೆ ನೀವು ಯಾರೋ ಗೊತ್ತಿಲ್ಲ. ಹುಟ್ಟಿದಾಗಿಂದ ಮಾತು ಕಮ್ಮಿ ಇರೋ ಮನುಷ್ಯ ಮೂಲೆಯಲ್ಲಿ ಸುಮ್ಮನೆ ಕೂತರೆ ಅದೂ ರೋಗಲಕ್ಷಣ ಅನ್ನಿಸಬಹುದು. ಸದಾ ವಟವಟ ಅನ್ನೋಳು ಸುಮ್ಮನಾದರೆ 'ಪರವಾಗಿಲ್ಲ, ಶಾಂತವಾಗಿದ್ದಾಳೆ' ಅನ್ನಬಹುದು.

ಆಮೇಲೆ ಬರೋದು: ಯಾವ ಲಕ್ಷಣ ಕಂಡರೆ ನನ್ನ ಕೈಯಿಂದ ನಿರ್ಧಾರಗಳನ್ನು ತೆಗೆದುಕೊಳ್ಳಬೇಕು. ಯಾರು ಜೊತೆಗಿರಬೇಕು, ಮುಖ್ಯವಾಗಿ ಯಾರು ಹತ್ತಿರ ಬರಬಾರದು. ಯಾವ ಔಷಧಿ ಒಗ್ಗಿದೆ, ಯಾವುದು ಒಗ್ಗಿಲ್ಲ. ಯಾವ ಆಸ್ಪತ್ರೆ ಆಗಬಹುದು, ಯಾವುದು ಆಗಲ್ಲ. ಮನೆಯಲ್ಲಿ ಬೆಕ್ಕಿಗೆ ಅನ್ನ ಹಾಕೋರು ಯಾರು, ಮಗುವನ್ನು ಸ್ಕೂಲಿಂದ ಕರೆತರೋರು ಯಾರು, ಬಾಡಿಗೆ ಕಟ್ಟೋರು ಯಾರು. ಎಲ್ಲದರ ಕೊನೆಗೆ, ಬಿಕ್ಕಟ್ಟು ಮುಗೀತು, ಇನ್ನು ಈ ಯೋಜನೆ ಬೇಡ ಅಂತ ಗೊತ್ತಾಗೋದು ಹೇಗೆ. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಹೊಸದೇನಲ್ಲ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಯಾರನ್ನು ಎಬ್ಬಿಸಬೇಕು, ಯಾವ ಬಟನ್ ಒತ್ತಬಾರದು ಅಂತ ಪುಟಗಟ್ಟಲೆ ಬರೆದಿಡ್ತೀವಿ. ನಮಗೇ ಹಾಗಾದರೆ? ಒಂದು ಸಾಲೂ ಇರಲ್ಲ.

ಕಾಗದ ಇದ್ದ ಮಾತ್ರಕ್ಕೆ ಎಲ್ಲ ಸರಿ ಹೋಗಲ್ಲ ಅನ್ನೋದಕ್ಕೆ ಇಂಗ್ಲೆಂಡಿನ ಎರಡು ಪ್ರಯೋಗಗಳು ಸಾಕ್ಷಿ. ರೋಗಿ ಮತ್ತು ಡಾಕ್ಟರು ಒಟ್ಟಿಗೆ ಕೂತು ಬಿಕ್ಕಟ್ಟಿನ ಯೋಜನೆ ಬರೆಯೋ ಪದ್ಧತಿಯನ್ನು 160 ಜನರ ಮೇಲೆ ಪರೀಕ್ಷಿಸಿ 2004ರಲ್ಲಿ ವರದಿ ಕೊಟ್ಟರು. ಬರೆದವರಲ್ಲಿ ಬಲವಂತವಾಗಿ ಆಸ್ಪತ್ರೆಗೆ ಹೋಗಬೇಕಾಗಿ ಬಂದವರು 13%, ಬರೆಯದವರಲ್ಲಿ 27%. ಎಲ್ಲರಿಗೂ ಖುಷಿ. ಅದನ್ನೇ ದೊಡ್ಡದಾಗಿ 569 ಜನರ ಮೇಲೆ ಮಾಡಿ 2013ರಲ್ಲಿ ಪ್ರಕಟಿಸಿದರು. ಬಲವಂತದ ದಾಖಲಾತಿಯಲ್ಲಿ ಗಮನಾರ್ಹ ವ್ಯತ್ಯಾಸವೇ ಇಲ್ಲ! ಹಲವು ಕಡೆ ಡಾಕ್ಟರುಗಳು ಅದನ್ನು ಇನ್ನೊಂದು ಫಾರಂ ಅಂತ ತುಂಬಿಸಿ ಮುಗಿಸಿದ್ದೂ ಒಂದು ಕಾರಣ ಅನ್ನುತ್ತಾರೆ. ಎದುರಿಗೆ ಕೂತು ಕೇಳಿಸಿಕೊಂಡ ಕಡೆ ಕೆಲಸ ಮಾಡಿದ್ದು, ಟಿಕ್ ಹಾಕಿದ ಕಡೆ ಮಾಡಲಿಲ್ಲ ಅಂತ ನಾನು ಅರ್ಥ ಮಾಡಿಕೊಂಡೆ.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮ ಕಥೆಯಲ್ಲಿ ಎಲ್ಲಕ್ಕೂ ಮುಂಚೆ ಮನೆಯವರು. ಬ್ರಿಟಿಷರ 1858ರ ಕಾಯ್ದೆ, ಆಮೇಲೆ 1912ರ ಕಾಯ್ದೆ, ಎರಡರ ಹೆಸರಲ್ಲೂ 'ಲೂನಸಿ'ಯೋ 'ಲೂನಾಟಿಕ್ಕೋ' ಇತ್ತು. 1987ರ ಮಾನಸಿಕ ಆರೋಗ್ಯ ಕಾಯ್ದೆ ಆ ಪದಗಳನ್ನು ಕೈಬಿಟ್ಟಿತು. ಸ್ವಇಚ್ಛೆಯಿಂದ ಸೇರುವ ದಾರಿ ಅದರಲ್ಲೂ ಇತ್ತು. ಜೊತೆಗೆ ಸಂಬಂಧಿಯೋ ಸ್ನೇಹಿತನೋ ಅರ್ಜಿ ಕೊಟ್ಟು, ಇಬ್ಬರು ಡಾಕ್ಟರು ಸರ್ಟಿಫಿಕೇಟ್ ಕೊಟ್ಟರೆ 90 ದಿನದವರೆಗೆ ಸೇರಿಸಬಹುದಿತ್ತು. ಮನೆಯವರ ಪಾತ್ರ ಬರೀ ಕೆಟ್ಟದ್ದು ಅಂತ ಹೇಳ್ತಿಲ್ಲ. 1950ರ ದಶಕದಲ್ಲೇ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮನೆಯವರು ಜೊತೆಗಿರುವ ವಾರ್ಡುಗಳು ಬಂದವು. ಪಶ್ಚಿಮದವರು ರೋಗಿಯನ್ನು ಒಂಟಿಯಾಗಿ ಕೋಣೆಯಲ್ಲಿಟ್ಟ ಕಾಲದಲ್ಲಿ ನಮ್ಮವರು ಮಾಡಿದ ದೊಡ್ಡ ಕೆಲಸ ಅದು.

ಆದರೆ ಅದೇ ಮನೆಯವರು ಆಸ್ಪತ್ರೆಗೆ ಕರೆದುಕೊಂಡು ಹೋಗೋ ರೀತಿ ನಮಗೆಲ್ಲ ಗೊತ್ತು. ನಮ್ಮ ದೂರದ ಸಂಬಂಧದಲ್ಲಿ ಒಬ್ಬರು ದೊಡ್ಡಪ್ಪ. 'ಧರ್ಮಸ್ಥಳಕ್ಕೆ ಹೋಗಿ ಬರೋಣ ಬನ್ನಿ' ಅಂತ ಕಾರು ಹತ್ತಿಸಿದರು. ಅವರು ಹೊಸ ಪಂಚೆ ಉಟ್ಟುಕೊಂಡು ಹೊರಟರು. ಕಾರು ನಿಂತದ್ದು ಒಂದು ಆಸ್ಪತ್ರೆ ಮುಂದೆ. ಅಲ್ಲಿ ಅವರಿಗೆ ಗುಣ ಆಯ್ತು, ವಾಪಸ್ ಬಂದು ಇಪ್ಪತ್ತು ವರ್ಷ ತೋಟ ನೋಡಿಕೊಂಡರು. ಆದರೆ ಆಮೇಲೆ ಯಾವ ವಾಹನ ಹತ್ತಬೇಕಾದರೂ 'ಎಲ್ಲಿಗೆ?' ಅಂತ ಮೂರು ಸಲ ಕೇಳ್ತಿದ್ದರು. ಮದುವೆ ದಿಬ್ಬಣದ ಬಸ್ಸಿಗೂ. ಕರೆದುಕೊಂಡು ಹೋದವರು ಅವರನ್ನು ತುಂಬಾ ಪ್ರೀತಿ ಮಾಡೋ ಜನವೇ. ಬೇರೆ ದಾರಿ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರದ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ಮನೋರೋಗಿಗಳು ಓಡಲಾಗದೆ ಸತ್ತರು, 28 ಜನ. ದೇಶ ಬೆಚ್ಚಿಬಿತ್ತು. 2006ರಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ತಂದಿತು, 2007ರಲ್ಲಿ ಭಾರತ ಅದಕ್ಕೆ ಒಪ್ಪಿಗೆ ಮುದ್ರೆ ಒತ್ತಿತು. ಅದರ ಫಲ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಜಾರಿಗೆ ಬಂದದ್ದು 2018ರಲ್ಲಿ. ಸರಪಳಿ ಹಾಕೋದನ್ನು, ಅರಿವಳಿಕೆ ಕೊಡದೆ ಶಾಕ್ ಕೊಡೋದನ್ನು ನಿಷೇಧಿಸಿತು. ಅದರ 5ನೇ ಸೆಕ್ಷನ್ನು ನಮ್ಮ ಇವತ್ತಿನ ವಿಷಯ. ವಯಸ್ಕರಾದ ಯಾರೇ ಆಗಲಿ, ಹಿಂದೆ ಮನೋರೋಗ ಇದ್ದಿರಲಿ ಇಲ್ಲದಿರಲಿ, ತನ್ನನ್ನು ಹೇಗೆ ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬಾರದು, ತನ್ನ ಪರವಾಗಿ ಮಾತಾಡುವ ಪ್ರತಿನಿಧಿ ಯಾರು ಅಂತ ಬರೆದಿಡಬಹುದು. ಪ್ರತಿನಿಧಿ ರಕ್ತಸಂಬಂಧಿಯೇ ಆಗಬೇಕು ಅಂತಿಲ್ಲ. 72 ಗಂಟೆಯೊಳಗಿನ ತುರ್ತು ಚಿಕಿತ್ಸೆಗೆ ಕಾಗದ ಅಡ್ಡ ಬರಲ್ಲ. ಕಾಗದ ಸರಿಯಿಲ್ಲ ಅನ್ನಿಸಿದರೆ ಡಾಕ್ಟರು, ಮನೆಯವರು ಮಂಡಳಿಗೆ ಹೋಗಬಹುದು. ಹೋಗದಿದ್ದರೆ ಕಾಗದದಂತೆ ನಡೆಯಬೇಕು. ದಶರಥನ ಸಮಸ್ಯೆಗೆ ಇದು ಒಂದು ಮಟ್ಟಿಗೆ ಪರಿಹಾರ. ಮಾತಿಗೆ ಬೆಲೆ ಇದೆ, ಮಾತನ್ನು ಪ್ರಶ್ನೆ ಮಾಡೋ ಜಾಗವೂ ಇದೆ.

ಕಾನೂನು ಬಂದರೂ ನಮ್ಮಲ್ಲಿ ಬರೆದಿಟ್ಟವರು ವಿರಳ. ಎಲ್‌ಐಸಿ ಪಾಲಿಸಿಗೆ ನಾಮಿನಿ ಬರೆಯೋ ನಾವು ಇದನ್ನು ಬರೆಯೋದು ಅಪಶಕುನ ಅಂದುಕೊಳ್ತೀವಿ. 'ಬಿಡ್ತು ಅನ್ನು' ಅಂತ ಅಮ್ಮ ಬೈದರೆ ಮಾತು ಅಲ್ಲಿಗೆ ಮುಗೀತು.

ಹೊರದೇಶದಲ್ಲಿರೋ ನಮ್ಮಂಥವರಿಗೆ ಇನ್ನೂ ಕೆಲವು ಸಾಲು ಜಾಸ್ತಿ ಬೇಕಾಗುತ್ತೆ. ಇಲ್ಲಿ ಅಣ್ಣ ತಮ್ಮ ಚಿಕ್ಕಪ್ಪ ಅಂತ ಓಡಿ ಬರೋರು ಯಾರೂ ಇಲ್ಲ. ರೂಮ್‌ಮೇಟ್ ಫೋನ್ ಮಾಡಿದರೆ ಆಸ್ಪತ್ರೆಯವರು ಖಾಸಗಿತನದ ಕಾನೂನು ಅಂತ ವಿಷಯ ಹೇಳದೇ ಇರಬಹುದು, ಕಾಗದದಲ್ಲಿ ಅವನ ಹೆಸರು ಇಲ್ಲದಿದ್ದರೆ. ಪಾಸ್‌ಪೋರ್ಟ್, ವೀಸಾ ಕಾಗದ ಎಲ್ಲಿದೆ, ಆಫೀಸಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು. ಊರಿಗೆ ಫೋನ್ ಮಾಡೋದಾದರೆ ಮೊದಲು ಯಾರಿಗೆ? ಅಪ್ಪನಿಗೋ, ಅಕ್ಕನಿಗೋ, ಬಿಪಿ ಇರೋ ಅಮ್ಮನಿಗೆ ಯಾರ ಬಾಯಿಂದ ಗೊತ್ತಾಗಬೇಕು?

ಇನ್ನೊಂದು ಸಾಲು, ನಾನು ನೋಡಿದ ಅಮೆರಿಕದ ನಮೂನೆಗಳಲ್ಲಿ ಅದಕ್ಕೆ ಜಾಗ ಇರಲಿಲ್ಲ: ಭಾಷೆ. ಹತ್ತು ವರ್ಷ ಇಂಗ್ಲಿಷಿನಲ್ಲಿ ಮೀಟಿಂಗ್ ನಡೆಸಿದವನೂ ಬುದ್ಧಿ ದಣಿದಾಗ ಜಾರೋದು ಹುಟ್ಟಿದ ಭಾಷೆಗೇ. ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದವರಿಗೆ ದುಭಾಷಿಯನ್ನು ಒದಗಿಸಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ ಬಂದ ಹೊಣೆ ಅದು. ಆದರೆ 'ಇಂಡಿಯನ್' ಅಂತ ಮಾತ್ರ ಬರೆದಿದ್ದರೆ ಫೋನಿನ ಆ ಕಡೆ ಹಿಂದಿಯವರು ಬಂದಾರು. ಹಾಗಾಗಿ ಫಾರಂನ ಅಂಚಿನಲ್ಲಿ, ಬೇರೆ ವಿವರಗಳು ಅನ್ನೋ ಖಾಲಿ ಜಾಗದಲ್ಲಿ, 'ಕನ್ನಡ' ಅಂತ ಬರೀರಿ. ಹಾಸನದ ಕಡೆಯವರೋ, ಧಾರವಾಡದವರೋ, ಅದನ್ನೂ ಬರೆದರೆ ಇನ್ನೂ ಒಳ್ಳೇದು.